ಮೆಟ್ಟಿಲಿಳಿದು ಹೋದವನು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ದೊಡ್ಡ ವಿದ್ವಾಂಸರೊಬ್ಬರು ನನ್ನಜ್ಜಿಯನ್ನೂ ಅವಳ ಅಕ್ಕತಂಗಿಯರನ್ನೂ, ನಮ್ಮೂರಿನ ಹಳೆಪೇಟೆ ಕಸ್ಬಾದ ತಾರಸಿಗಳ ಮೇಲೆ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕ ಅಷ್ಟೂ ಹೆಂಗಸರನ್ನೂ ‘ಸುಣ್ಣ ಬಳಿದ ಪಂಜರದ ಹಕ್ಕಿಗಳು’ ಎಂದು ಬರೆದಿಟ್ಟರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

ಹಾಗೆ ಬರೆದವರು ಮಹ್ಫೂದ್ ಬುರ್ಸಾಲಿ. ನಮ್ಮ ಸಾಹಿತ್ಯ ವಿಭಾಗದಲ್ಲಿ ಬೂಕಾಲಾ ಪದ್ಯಗಳ ಬಗ್ಗೆ ಯಾರು ಏನೇ ಬರೆಯಲಿ, ಮೊದಲ ಅಡಿಟಿಪ್ಪಣಿ ಅವರದ್ದೇ. ಆ ಲೇಖನಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಕೊನೆಯ ವರ್ಷದ ಪ್ರಬಂಧಕ್ಕಾಗಿ ಯಾವುದಾದರೂ ಒಂದು ವಿದ್ವತ್ ಲೇಖನವನ್ನು ಆರಿಸಿಕೊಂಡು ಒರೆಗೆ ಹಚ್ಚಿ ಎಂದು ಉಸ್ತಾದಾ ಹೂರಿಯಾ ಪಾಠದಲ್ಲಿ ಹೇಳಿದಾಗ ನಾನು ಹಿಂದೆಮುಂದೆ ನೋಡದೆ ಅದನ್ನೇ ಎತ್ತಿಕೊಂಡೆ.

ಉಸ್ತಾದಾ ಕನ್ನಡಕವನ್ನು ಹಣೆಗೇರಿಸಿದರು. “ಬುರ್ಸಾಲಿಯವರದ್ದಾ? ಅವರು ನನ್ನ ಗುರುಗಳು, ಗೊತ್ತಲ್ಲ ವಸೀಲಾ?”

“ಗೊತ್ತು ಉಸ್ತಾದಾ.”

“ಇನ್ನೂ ಇದಾರೆ. ಅದೂ ಗೊತ್ತಲ್ಲ?”

ಅದು ಗೊತ್ತಿರಲಿಲ್ಲ. ಅಡಿಟಿಪ್ಪಣಿಗಳಲ್ಲಿ ಇರುವವರು ಬದುಕಿಯೂ ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

“ಹಾಗಾದ್ರೆ ನನ್ನ ನಿಯಮ ನೆನಪಿಟ್ಕೊ. ಸತ್ತವರನ್ನ ಟೀಕೆ ಮಾಡಿದ್ರೆ ನೇರ ನನ್ ಹತ್ರ ತಾ. ಬದುಕಿರೋರನ್ನ ಟೀಕೆ ಮಾಡಿದ್ರೆ ಮೊದ್ಲು ಅವರ ಎದುರಿಗೆ ಕೂತು ಓದು. ಆಮೇಲೆ ನನಗೆ ಕೊಡು. ಬೆನ್ನ ಹಿಂದೆ ಬಯ್ಯೋದಕ್ಕೆ ಮಾರ್ಕ್ಸ್ ಕೊಡಲ್ಲ ನಾನು.”

ಬೂಕಾಲಾ ಎಂದರೆ ಮಣ್ಣಿನ ಹೂಜಿ. ಆ ಹೂಜಿಯ ಸುತ್ತ ಕೂತು ಹೇಳುವ ಪುಟ್ಟ ಪದ್ಯಕ್ಕೂ ಅದೇ ಹೆಸರು. ರಂಜಾನ್ ಸಂಜೆ ಉಪವಾಸ ಬಿಟ್ಟು, ಪಾತ್ರೆ ತೊಳೆದು, ಹೆಂಗಸರು ತಾರಸಿ ಹತ್ತುತ್ತಾರೆ. ಹೂಜಿಗೆ ನೀರು ತುಂಬಿ, ಸಾಂಬ್ರಾಣಿ ಹೊಗೆ ಹಿಡಿಯುತ್ತಾರೆ. ಆಮೇಲೆ ಹಿರಿಯಳೊಬ್ಬಳು “ಗಂಟು ಹಾಕ್ರೇ, ನೆನೆಸ್ಕೊಳ್ರೇ” ಎನ್ನುತ್ತಾಳೆ. ಪ್ರತಿಯೊಬ್ಬಳೂ ಯಾರನ್ನೋ ಮನಸ್ಸಿನಲ್ಲಿ ನೆನೆದು ತನ್ನ ಕರವಸ್ತ್ರದ ಮೂಲೆಗೆ ಒಂದು ಗಂಟು ಹಾಕುತ್ತಾಳೆ. ಹಿರಿಯಳು ಪದ್ಯ ಹೇಳುತ್ತಾಳೆ. ಆ ಪದ್ಯವೇ ನೆನೆದವರ ಪಾಲಿನ ಶಕುನ. ಕೆಲವು ಕೇರಿಗಳಲ್ಲಿ ಆಮೇಲೆ ಹೆಸರು ಹೇಳಿ ನಗೆಯಾಡುವುದೂ ಉಂಟು. ಕಸ್ಬಾದ ಮೇಲಿನ ಕೇರಿಯ ನಮ್ಮವರು ಮಾತ್ರ ಹೇಳುವುದಿಲ್ಲ. ಹೆಸರು ನಾಲಿಗೆಗೆ ಬಂದರೆ ಶಕುನ ಕೆಡುತ್ತದೆ.

ಬುರ್ಸಾಲಿಯವರೂ ಮೇಲಿನ ಕೇರಿಯವರೇ. ಅವರ ಇಡೀ ಲೇಖನ ನಿಂತಿದ್ದು ಒಂದು ಪದ್ಯದ ಮೇಲೆ. ಅದನ್ನು ಅವರು ಚಿಕ್ಕಂದಿನಲ್ಲಿ ತಾಯಿಯ ಬಾಯಿಂದಲೇ ಕೇಳಿದ್ದರು; ಅವರ ಮನೆಯ ತಾರಸಿಯಲ್ಲಿ ತಾನೂ ಗಂಟು ಹಾಕಿ ಪದ್ಯ ಹೇಳುತ್ತಿದ್ದವಳು ಆ ತಾಯಿಯೇ.

ಬಿಳಿ ಪಾರಿವಾಳವೇ, ತಾರಸಿಯ ಗೆಳತಿಯೇ,
ಮೆಟ್ಟಿಲಿಳಿದು ಹೋದವನ ಕಂಡೆಯೇನೇ?
ಹೊದೆಯಲೆಂದವಗೆ ನೆರಳನೇ ಕೊಟ್ಟಿರುವೆ,
ಬರುವ ದಾರಿಗೆ ಎರಡು ಕಣ್ಣಿಟ್ಟಿರುವೆ.

ಅವರ ಅಪ್ಪ ಹಡಗು ಹತ್ತಿ ಕಡಲಾಚೆಯ ಮಾರ್ಸೇಯಿಗೆ ಹೋದವರು ತಿರುಗಿ ಬರಲಿಲ್ಲ. ಪದ್ಯ ಆ ಗಂಡನಿಗಾಗಿ ಹೆಂಡತಿ ಹಾಡಿದ ಶೋಕಗೀತೆ; ಮೆಟ್ಟಿಲಿಳಿಯುವುದೆಂದರೆ ಸಾವು, ನೆರಳೆಂದರೆ ಶವದ ಮೇಲಿನ ಬಟ್ಟೆ; ಪದ್ಯ ಮುಗಿದೊಡನೆ ತಾರಸಿಯ ಮೇಲೆ ಕವಿಯುತ್ತಿದ್ದ ಮೌನ ನುಂಗಿದ ಅಳು. ಇದು ಅವರ ವಾದ. ಒಂದು ಪದ್ಯದಿಂದ ಹೊರಟು ಅವರು ಎಲ್ಲ ಬೂಕಾಲಾಗಳನ್ನೂ ಕಣ್ಣೀರಿನಲ್ಲಿ ಅದ್ದಿಬಿಟ್ಟಿದ್ದರು.

ನಾನು ಒಂದೇ ಉಸಿರಿಗೆ ಬರೆದ ಮೊದಲ ಕರಡನ್ನು ಉಸ್ತಾದಾ ಹೂರಿಯಾ ಎರಡು ಬೆರಳಲ್ಲಿ ಹಿಡಿದು ನನ್ನ ಮುಂದೆ ಇಟ್ಟರು.

“ಇದು ವಿಮರ್ಶೆ ಅಲ್ಲಮ್ಮ, ನಲ್ಲಿ ಹತ್ರದ ಜಗಳ. ಅವರು ಏನು ಹೇಳ್ತಾರೆ ಅನ್ನೋದೇ ಇಲ್ಲಿ ಇಲ್ಲ. ಅವರ ಮಾತನ್ನ ಅವರೇ ಕೇಳಿ ತಲೆದೂಗೋ ಹಾಗೆ ಮೊದ್ಲು ಹೇಳು. ಆಮೇಲೆ ಕೇಳು: ಇದು ಇವರಿಗೆ ಹೇಗೆ ಗೊತ್ತಾಯ್ತು? ಎಲ್ಲಿ ಕೂತು ನೋಡಿದ್ರು? ಏನು ಬಿಟ್ರು? ಏನು ಕೈಯಿಂದ ಸೇರಿಸಿದ್ರು?”

“ಅವರು ನಮ್ಮನ್ನ ಹಕ್ಕಿಗಳು ಅಂದಿದಾರೆ ಉಸ್ತಾದಾ.”

“ಅಂದ್ರೆ ಏನೀಗ? ನಿನಗೆ ರೆಕ್ಕೆ ಬಂತಾ? ಹೋಗು, ಇನ್ನೊಂದ್ಸಲ ಓದು. ನಿಧಾನಕ್ಕೆ.”

ನಿಧಾನವಾಗಿ ಓದಲು ನನಗೆ ಬಾರದು. ಆದರೆ ಆ ವರ್ಷ ಬಿಸಿಲು ಬೇಗ ಬಂದಿತ್ತು. ಗ್ರಂಥಾಲಯದ ಕಿಟಕಿಯ ಪಕ್ಕ ಕೂತರೆ ಕೆಳಗೆ ಬಂದರು, ಬಂದರಿನಾಚೆ ಹಾಲಿನಂಥ ಮಂಜು, ಕಡಲೆಲ್ಲಿ ಮುಗಿದು ಬಾನೆಲ್ಲಿ ಶುರುವಾಗುತ್ತದೆ ಎಂದು ತಿಳಿಯದು. ಹಡಗಿನ ಕೂಗು ತಡೆದು ತಡೆದು ಗುಡ್ಡ ಹತ್ತಿ ಬರುತ್ತಿತ್ತು. ಕಣ್ಣು ತಾನಾಗಿ ಭಾರವಾಗಿ, ನಾನು ಒಂದು ಸಾಲು ಓದಿ, ಅರೆನಿದ್ದೆಗೆ ಜಾರಿ, ಎದ್ದು ಮತ್ತೆ ಅದೇ ಸಾಲು ಓದುತ್ತಿದ್ದೆ. ಹೀಗೆ ಓದಿದ್ದರಿಂದಲೇ ಲೇಖನದ ಮೊದಲ ಪುಟ ನನಗೆ ಕಾಣಿಸಿತು. ಅದುವರೆಗೆ ಅದನ್ನು ಹಾರಿಸಿಕೊಂಡು ನೇರ ಹಕ್ಕಿಗಳ ಪುಟಕ್ಕೆ ಹೋಗುತ್ತಿದ್ದೆ.

‘ನನಗೆ ಏಳು ತುಂಬಿದ ಬೇಸಿಗೆ ನನ್ನನ್ನು ತಾರಸಿಯಿಂದ ಇಳಿಸಿದರು. ಗಂಡುಮಕ್ಕಳು ಬೆಳೆದರೆ ಹಾಗೆ ಮಾಡುವುದು ವಾಡಿಕೆ. ಆ ಮನೆಯಲ್ಲಿ ಗಂಡುಮಗು ನಾನೊಬ್ಬನೇ. ರಂಜಾನಿನ ಸಂಜೆಗಳನ್ನು ನಾನು ಮೆಟ್ಟಿಲ ಮೇಲೆ ಕಳೆದೆ. ಈ ಪದ್ಯ ನನ್ನ ಕಿವಿಗೆ ಮೊದಲು ಬಿದ್ದದ್ದು ಆಗ, ಮತ್ತೆ ಮತ್ತೆ ಬಿದ್ದದ್ದೂ ಆಗಲೇ. ಮೇಲೆ ಎಲ್ಲರೂ ಕಡಲನ್ನು ನೋಡುತ್ತಿದ್ದರು. ಮೆಟ್ಟಿಲ ಕಡೆಗೆ ಯಾರೂ ನೋಡಲಿಲ್ಲ.’

ನಾನು ಮತ್ತೆ ಜೋಂಪಿಗೆ ಇಳಿದೆ. ಕನಸಿನಲ್ಲಿ ಒಂದು ಕಡಿದಾದ ಮೆಟ್ಟಿಲು, ಗೋಡೆಗೆ ನೀಲಿ ಟೈಲ್ಸು, ಮೇಲೆ ಆಕಾಶದ ಒಂದು ಚೌಕ. ಹುಡುಗನೊಬ್ಬ ನನಗೆ ಬೆನ್ನು ಮಾಡಿ ಕೂತಿದ್ದ. ಅವನ ಕುತ್ತಿಗೆ ಈಗಷ್ಟೇ ಕ್ಷೌರ ಮಾಡಿಸಿದ್ದು, ಕಿವಿಗಳು ಎದ್ದು ಕಾಣುತ್ತಿದ್ದವು. ಮೇಲಿನಿಂದ ಸಾಂಬ್ರಾಣಿ ಹೊಗೆ ಇಳಿದು ಬರುತ್ತಿತ್ತು. ಅವನು ಮೇಲೆ ನೋಡುತ್ತಿರಲಿಲ್ಲ, ತನ್ನ ಮೊಣಕಾಲು ನೋಡುತ್ತಿದ್ದ. ನಾನು ಅವನನ್ನು ದಾಟಿಕೊಂಡು ಹೋಗಬೇಕಾಗಿತ್ತು, ಆದರೆ ಜಾಗವಿರಲಿಲ್ಲ.

ಎದ್ದಾಗ ಕೆನ್ನೆಗೆ ಪುಟ ಅಂಟಿಕೊಂಡಿತ್ತು. ಸಿಟ್ಟು ಎಲ್ಲಿಗೆ ಹೋಯಿತೋ ಕಾಣೆ. ಅದರ ಜಾಗದಲ್ಲಿ ಒಂದು ಪ್ರಶ್ನೆ ಕೂತಿತ್ತು: ಮೆಟ್ಟಿಲ ಮೇಲೆ ಮೊಣಕಾಲು ನೋಡುತ್ತ ಕೂತವನಿಗೆ ಮೇಲಿನವರು ಎತ್ತ ನೋಡುತ್ತಿದ್ದರೆಂದು ಹೇಗೆ ತಿಳಿಯಿತು?

ಆ ಪದ್ಯದ ಬೇರೆ ಪಾಠಗಳನ್ನು ಹುಡುಕಿದೆ. ಹತ್ತಿರದ ಊರು ಬ್ಲೀದಾದ ಹೆಂಗಸರು ಹೇಳಿದ್ದು ಸಿಕ್ಕಿತು, ಕಡಲತೀರದ ಶರ್ಶಾಲಿನದ್ದು ಸಿಕ್ಕಿತು, ಮೇಲಿನ ಕೇರಿಯ ಬೇರೆ ಮನೆಗಳದ್ದೂ ಸಿಕ್ಕಿತು. ಎಲ್ಲದರಲ್ಲೂ ಎರಡನೆಯ ಸಾಲು ಒಂದೇ: ‘ಕಡಲಿಗೆ ಹೋದವನ ಕಂಡೆಯೇನೇ?’ ಮೆಟ್ಟಿಲು ಇದ್ದದ್ದು ಬುರ್ಸಾಲಿಯವರ ತಾಯಿಯ ಬಾಯಲ್ಲಿ ಮಾತ್ರ. ಅದನ್ನು ಅವರೂ ಗಮನಿಸಿದ್ದರು, ಪಾಪ. ಗಮನಿಸಿ, ಮೆಟ್ಟಿಲೆಂದರೆ ಗೋರಿಗೆ ಇಳಿಯುವ ದಾರಿ ಎಂದು ಪುಟಗಟ್ಟಲೆ ಸಾಧಿಸಿದ್ದರು.

ಮನೆಗೆ ಹೋದಾಗ ಅಜ್ಜಿ ಯೆಮ್ಮಾ ದೂಜಾ ಬಾಲ್ಕನಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಅವಳಿಗೆ ನನ್ನ ಓದಿನ ಬಗ್ಗೆ ಗೌರವವೇನೂ ಇಲ್ಲ.

“ಏನೇ, ಆ ಮುದುಕನ ಜೊತೆ ಜಗಳ ಮುಗೀತಾ?”

“ಇಲ್ಲ ಯೆಮ್ಮಾ. ಒಂದು ಕೇಳ್ತೀನಿ. ತಾರಸಿಯಿಂದ ಗಂಡುಹುಡುಗರನ್ನ ಇಳಿಸ್ತಿದ್ರಲ್ಲ, ಅವಾಗ ಅವರು ಏನ್ ಮಾಡ್ತಿದ್ರು?”

“ಏನ್ ಮಾಡ್ತಾರೆ, ಅಳೋರು. ಮೊದ್ಲು ಹೆಂಗಸರು ಸ್ನಾನ ಮಾಡೋ ಹಮಾಮಿಂದ ಹೊರಗೆ, ಆಮೇಲೆ ತಾರಸಿಯಿಂದ ಹೊರಗೆ. ಹೆಂಗಸರು ಬಟ್ಟೆ ಸಡಿಲ ಮಾಡ್ಕೊಂಡು ಕೂರೋ ಜಾಗ, ನಾಳೆ ಮೀಸೆ ಬರೋನನ್ನ ಇಟ್ಕೊಳ್ಳಕ್ಕಾಗುತ್ತಾ? ನನ್ ತಮ್ಮ ಮೌಲೂದ್ ಇದ್ನಲ್ಲ, ಬಾಗಿಲಿಗೆ ಒದ್ದೂ ಒದ್ದೂ ಕಾಲು ಊದಿಸ್ಕೊಂಡ.” ಅವಳು ನಕ್ಕಳು. ಆಮೇಲೆ ಬಟಾಣಿ ಸಿಪ್ಪೆಯನ್ನು ಸುಮ್ಮನೆ ಬೆರಳಲ್ಲಿ ಸುತ್ತುತ್ತ ಕೂತಳು. “ನಮ್ಮಮ್ಮ ಆ ರಂಜಾನಲ್ಲಿ ಊಟ ಸರಿಯಾಗಿ ಮಾಡ್ಲಿಲ್ಲ. ಹಡೆದಾಗ ಬಂದದ್ದಕ್ಕಿಂತ ಹೆಚ್ಚು ನೋವು ಇದು ಅಂದ್ಳು ಒಂದಿನ. ದಿನಾ ಸಂಜೆ ಗಂಟು ಹಾಕೋಳು, ಕಣ್ಣು ಒರೆಸ್ಕೊಳ್ಳೋಳು.”

“ಯಾರ ಹೆಸರಲ್ಲಿ ಹಾಕ್ತಿದ್ರು?”

“ಅಯ್ಯೋ ಪೆದ್ದೆ! ಹೆಸರು ಹೇಳ್ಬಾರದಲ್ಲೇ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ನಮಗೆಲ್ಲ ಗೊತ್ತಿತ್ತು, ಅದಕ್ಕೇ ಯಾರೂ ಉಸಿರೆತ್ತುತಿರ್ಲಿಲ್ಲ. ಅವನು ಕೆಳಗೇ ಕೂತಿದಾನೆ, ಕೇಳಿಸ್ಕೊಂಡ್ರೆ ಶಕುನ ಹೋಯ್ತು.”

ನಾನು ಅವಳ ಪಕ್ಕದಲ್ಲಿ ಕೂತೆ. ಕೆಳಗೆ ರಸ್ತೆಯಲ್ಲಿ ಯಾರೋ ಪುದೀನಾ ಮಾರುತ್ತ ಕೂಗುತ್ತಿದ್ದರು. ನನಗೆ ಅದು ತುಂಬ ದೂರದಿಂದ, ಬೇರೆ ಯಾವುದೋ ಬೇಸಿಗೆಯಿಂದ ಕೇಳಿದ ಹಾಗಿತ್ತು. ಯೆಮ್ಮಾ ನನ್ನ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ತಿಳಿದು, ಬಟಾಣಿಯ ಬುಟ್ಟಿಯನ್ನು ನನ್ನ ತೊಡೆಗೆ ದೂಡಿದಳು.

ಎರಡನೆಯ ಕರಡನ್ನು ಬೇರೆಯೇ ಹುಡುಗಿ ಬರೆದಳು ಎನ್ನಬೇಕು. ಬುರ್ಸಾಲಿಯವರ ವಾದವನ್ನು ಮೊದಲು ಅವರ ಮಾತಿನಲ್ಲೇ ಹೇಳಿದೆ. ಹೇಳುತ್ತ ಹೋದಂತೆ ಅದು ಎಷ್ಟು ಚಂದವಾಗಿದೆ ಎಂದು ಕಂಡು ಹೊಟ್ಟೆಕಿಚ್ಚಾಯಿತು. ಆಮೇಲೆ ಕೇಳಿದೆ. ಗಂಡ ಕಡಲಿಗೆ ಹೋದವನು. ಅವನಿಗಾಗಿ ಅಳುವವಳಿಗೆ ‘ಕಡಲಿಗೆ ಹೋದವನು’ ಎಂಬ ಸಾಲು ಸಿದ್ಧವಾಗಿಯೇ ಇತ್ತು. ಕೈಗೆ ಸಿಕ್ಕ ಆ ಮಾತನ್ನು ಬಿಟ್ಟು ಅವಳು ಮೆಟ್ಟಿಲನ್ನು ಯಾಕೆ ತಂದಳು? ಅದೂ ಮಗನನ್ನು ಇಳಿಸಿದ ಬೇಸಿಗೆಯಲ್ಲೇ ಯಾಕೆ? ಪದ್ಯ ಮುಗಿದ ಮೇಲಿನ ಮೌನ ಅಳುವಿನದ್ದೋ, ಶಕುನ ಕೆಡದಂತೆ ಕಾಯುವವರದ್ದೋ?

ಕೊನೆಯ ವಾಕ್ಯ ಹೀಗಿತ್ತು: ‘ಆ ತಾಯಿ ತನ್ನ ಗಂಟನ್ನು ಬಹುಶಃ ಕಡಲಾಚೆ ಹೋದವನಿಗಾಗಿ ಅಲ್ಲ, ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಮಗನಿಗಾಗಿ ಕಟ್ಟಿದಳು.’ ಬಹುಶಃ ಎಂಬುದನ್ನು ಒಮ್ಮೆ ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಯೆಮ್ಮಾ ಹೇಳಿದ್ದು ಅವಳ ಅಮ್ಮನ ಕಥೆ, ಬುರ್ಸಾಲಿಯವರ ಅಮ್ಮನದ್ದಲ್ಲ. ಆ ತಾಯಿಯ ಮನಸ್ಸಿನೊಳಗೆ ಇಳಿದು ನೋಡಿದವರು ಯಾರೂ ಇಲ್ಲ.

ಹೊರಡುವ ಹೊತ್ತಿಗೆ ನನ್ನ ಧೈರ್ಯ ಉಡುಗಿತು. ಸುಳ್ಳು ಎಂದು ಹೇಳಬೇಕಾದದ್ದು ಲೇಖನವನ್ನಲ್ಲ. ಎಂಬತ್ತು ದಾಟಿದ ಮನುಷ್ಯನೊಬ್ಬ ಏಳು ವರ್ಷದವನಿದ್ದಾಗಿನಿಂದ ನಂಬಿಕೊಂಡು ಬಂದದ್ದನ್ನು. ನಾನು ತಪ್ಪಿದ್ದರೆ ಗಾಯದ ಮೇಲೆ ಬರೆ ಎಳೆದಂತೆ. ಸರಿಯಿದ್ದರೆ ಇನ್ನೂ ಕಷ್ಟ. ಇಷ್ಟು ತಡವಾಗಿ ತಿಳಿದು ಅವರು ಏನು ಮಾಡಬೇಕು?

ಬುರ್ಸಾಲಿಯವರು ಊರ ಮೇಲಿನ ಗುಡ್ಡದಲ್ಲಿ, ಮೂರನೆಯ ಮಹಡಿಯಲ್ಲಿ ಒಬ್ಬರೇ ಇದ್ದರು. ಮಧ್ಯಾಹ್ನದ ನಮಾಜು ಮುಗಿದಿತ್ತು. ಕಿಟಕಿಯ ಬಿಳಿ ಪರದೆ ಉಬ್ಬಿ ಉಬ್ಬಿ ಇಳಿಯುತ್ತಿತ್ತು, ಕೋಣೆಯೇ ನಿದ್ದೆಯಲ್ಲಿ ಉಸಿರಾಡುತ್ತಿದೆಯೇನೋ ಎಂಬಂತೆ. ಅವರು ತಾವೇ ಕಾಫಿ ಮಾಡಿ, ಕಿತ್ತಳೆ ಹೂವಿನ ನೀರು ಎರಡು ಹನಿ ಹಾಕಿ ತಂದರು. ತೆಳ್ಳಗಿನ ಮನುಷ್ಯ. ಕಿವಿಗಳು ದೊಡ್ಡವು.

“ಹೂರಿಯಾ ಫೋನ್ ಮಾಡಿದ್ಳು. ಕೈಗೆ ಚೂರಿ ಕೊಟ್ಟು ಒಬ್ಬಳನ್ನ ಕಳಿಸ್ತಿದೀನಿ ಅಂದ್ಳು. ನೀನೇನಾ?”

“ನಾನೇ ಉಸ್ತಾದ್.”

“ಕೂತ್ಕೊ. ತಣ್ಣಗಾಗೋದ್ರೊಳಗೆ ಕುಡಿ. ಆಮೇಲೆ ಚುಚ್ಚು.”

ಓದತೊಡಗಿದೆ. ಅವರ ವಾದವನ್ನು ಹೇಳಿದ ಭಾಗಕ್ಕೆ ಅವರು ಕಣ್ಣುಮುಚ್ಚಿ ತಲೆದೂಗಿದರು. “ನಾನು ಬರೆದದ್ದಕ್ಕಿಂತ ಇದೇ ಚೆನ್ನಾಗಿದೆ” ಎಂದರು. ಮೆಟ್ಟಿಲ ಮೇಲೆ ಕೂತವನಿಗೆ ಮೇಲಿನವರ ನೋಟ ಹೇಗೆ ತಿಳಿಯಿತು ಎಂಬಲ್ಲಿಗೆ ಬಂದಾಗ ಕೈ ಎತ್ತಿದರು.

“ತಡಿ. ನಾನು ಹಾಗೆ ಬರೆದಿದೀನಾ?”

“ಬರೆದಿದೀರ. ಮೊದಲನೇ ಪುಟ.”

“ಎಲ್ಲಿ, ತೋರ್ಸು.”

ನಾನು ಲೇಖನದ ಪ್ರತಿಯನ್ನು ಕೊಟ್ಟೆ. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಬೇರೆ ಯಾರೋ ಬರೆದದ್ದನ್ನು ಓದುವವರಂತೆ ತುಟಿ ಅಲುಗಿಸುತ್ತ ಓದಿದರು. “ಒಳ್ಳೆ ಪ್ರಶ್ನೆ,” ಎಂದರು ಕೊನೆಗೆ. “ನನ್ನ ವಿದ್ಯಾರ್ಥಿ ಯಾರಾದ್ರೂ ಹೀಗೆ ಬರೆದಿದ್ರೆ ಕಿವಿ ಹಿಂಡ್ತಿದ್ದೆ. ಮುಂದೆ ಓದು.”

ಕಡಲು ಮತ್ತು ಮೆಟ್ಟಿಲಿನ ಭಾಗ ಓದಿದೆ. ಮುಗಿಸಿ ತಲೆ ಎತ್ತಿದರೆ ಅವರು ಪರದೆಯನ್ನು ನೋಡುತ್ತಿದ್ದರು.

“ಒಂದು ಸಾಲು ಬದಲಾದ್ರೆ ಏನಾಯ್ತು? ಹೆಂಗಸರು ಮರೀತಾರೆ, ಬಾಯಿಗೆ ಬಂದದ್ದು ಹೇಳ್ತಾರೆ,” ಎಂದರು. ದನಿ ಪಾಠ ಮಾಡುವವರದ್ದೇ, ಆದರೆ ನೋಟ ಇತ್ತ ತಿರುಗಲಿಲ್ಲ.

“ಬಾಯಿ ತಪ್ಪಿ ಬಂದದ್ದಾದ್ರೆ ಒಂದು ಸಂಜೆ ಬರುತ್ತೆ ಉಸ್ತಾದ್. ನೀವು ಮತ್ತೆ ಮತ್ತೆ ಕೇಳಿಸ್ತು ಅಂತ ಬರೆದಿದೀರ. ಅದಕ್ಕೆ ಮುಂಚೆ ತಾರಸಿ ಮೇಲೆ ಇದ್ದಾಗ ಅಮ್ಮ ಈ ಸಾಲು ಹೇಳಿದ್ದು ನೆನಪಿದೆಯಾ?”

“ಇಲ್ಲ.”

“ಆಮೇಲಿನ ವರ್ಷಗಳಲ್ಲಿ?”

ಅವರು ಲೇಖನದ ಪ್ರತಿಯನ್ನು ಮಡಚಿ ಪಕ್ಕಕ್ಕಿಟ್ಟರು. “ಆಮೇಲೆ ಕಡಲು ಅಂತಾನೇ ಹೇಳ್ತಿದ್ಳು,” ಎಂದರು. “ನಾನು ಅದನ್ನ ಬರೀಲಿಲ್ಲ. ದುಃಖ ಹಳೇದಾಯ್ತು, ಅದಕ್ಕೇ ಹಳೇ ಪಾಠಕ್ಕೆ ಹೋದ್ಳು ಅಂದ್ಕೊಂಡೆ. ವಾದಕ್ಕೆ ಹೊಂದಲ್ಲ ಅಂತ ಬಿಟ್ಟುಬಿಟ್ಟೆ.”

ವಾದಕ್ಕೆ ಹೊಂದುವುದಿಲ್ಲವೆಂದು ಬಿಟ್ಟದ್ದು! ತರಗತಿಯಲ್ಲಾಗಿದ್ದರೆ ನಾನು ಮೇಜು ಗುದ್ದಿ ಎದ್ದು ನಿಲ್ಲುತ್ತಿದ್ದೆ. ಇಲ್ಲಿ ನನಗೆ ಗೆದ್ದೆ ಎಂದು ಅನ್ನಿಸಲೇ ಇಲ್ಲ. ಅಳು ಬರುತ್ತಿತ್ತು.

“ಹಾಗಿದ್ರೆ ನನ್ನನ್ನ ಯಾಕೆ ಕರೀಲಿಲ್ಲ ಅವಳು?” ಎಂದರು ಅವರು. ಕೇಳಿದ್ದು ನನ್ನನ್ನಲ್ಲ. “ಮೆಟ್ಟಿಲ ತುದೀಗೆ ಬಂದು ಒಂದ್ಸಲ ಹೆಸರು ಹಿಡಿದು ಕರೆದಿದ್ರೆ ಸಾಕಿತ್ತು. ಪದ್ಯ ಆಗೋದು, ಎಲ್ಲರೂ ಗಪ್‌ಚುಪ್. ಅವಳ ಎದೇಲಿ ಇರೋದೆಲ್ಲ ಅವನಿಗೇ, ಬಿಟ್ಟು ಹೋದವನಿಗೇ, ಕೆಳಗೆ ಕೂತಿರೋನಿಗೆ ಒಂದು ಚೂರೂ ಇಲ್ಲ ಅಂದ್ಕೊಂಡೆ. ಆ ಹೊಟ್ಟೆಕಿಚ್ಚಲ್ಲೇ ಬೆಳೆದೆ ನಾನು. ಅದರಿಂದಲೇ ದೊಡ್ಡ ವಿದ್ವಾಂಸನೂ ಆದೆ.”

“ಹೆಸರು ಹೇಗೆ ಕರೀತಾರೆ ಉಸ್ತಾದ್? ಗಂಟು ಹಾಕಿದ್ದಾರಲ್ಲ. ನೀವು ಮೇಲಿನ ಕೇರಿಯವರು.”

ಅವರು ನನ್ನ ಕಡೆ ತಿರುಗಿದರು. ಆ ಮುಖವನ್ನು ನಾನು ಮರೆಯಲಾರೆ. ಮೇಲಿನ ಕೇರಿಯಲ್ಲಿ ಹುಟ್ಟಿದ ಯಾವ ಮಗುವಿಗೂ ಗೊತ್ತಿರುವ ವಿಷಯ ಅದು. ತಮ್ಮ ಲೇಖನದಲ್ಲಿ ಅವರೇ ಒಂದು ಪುಟ ಬರೆದಿದ್ದರು ಅದರ ಬಗ್ಗೆ. ಯಾರಿಗೆ ಬೇಕಾದರೂ ಅನ್ವಯಿಸಿದ್ದರು. ತಮಗೆ ಮಾತ್ರ ಅಲ್ಲ.

“ಹೌದಲ್ಲ,” ಎಂದರು. “ಹೌದಲ್ಲ.” ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಪರದೆ ಉಬ್ಬಿತು, ಇಳಿಯಿತು. ಬಂದರಿನಲ್ಲಿ ಹಡಗೊಂದು ಕೂಗಿ ಸುಮ್ಮನಾಯಿತು. ಹೊರಗಿನ ಬಿಸಿಲು ನಿಧಾನವಾಗಿ ಗೋಡೆಯ ಮೇಲೆ ಹತ್ತುತ್ತಿತ್ತು.

“ಒಂದು ಕೇಳ್ಲಾ ಮಗಳೇ?” ಎಂದರು ಕೊನೆಗೆ.

“ಕೇಳಿ ಉಸ್ತಾದ್.”

“ಕೊನೇ ವಾಕ್ಯದಲ್ಲಿ ‘ಬಹುಶಃ’ ಅಂತ ಇದೆ. ಅದನ್ನ ತೆಗೆಯೋಕಾಗುತ್ತಾ?”

ನನಗೆ ತೆಗೆಯಬೇಕೆನಿಸಿತು. ಪೆನ್ನು ಕೈಯಲ್ಲೇ ಇತ್ತು, ಒಂದು ಗೀಟು ಎಳೆದರೆ ಮುಗಿಯುತ್ತಿತ್ತು. ಅವರು ಬೇಡುತ್ತಿದ್ದರು, ಸಣ್ಣ ಹುಡುಗನಂತೆ ಮುಂದಕ್ಕೆ ಬಾಗಿ. ಆದರೆ ಹೊಂದುವುದನ್ನು ಇಟ್ಟುಕೊಂಡು ಹೊಂದದ್ದನ್ನು ಬಿಡುವುದು ಎಲ್ಲಿಗೆ ಒಯ್ಯುತ್ತದೆ ಎಂದು ಆಗಷ್ಟೇ ಕೇಳಿದ್ದೆ.

“ಆಗಲ್ಲ ಉಸ್ತಾದ್,” ಎಂದೆ. “ಅಷ್ಟಕ್ಕೆ ಸಾಕ್ಷಿ ಇಲ್ಲ ನಮ್ಮ ಹತ್ರ.”

ಅವರು ಹಿಂದಕ್ಕೆ ಒರಗಿದರು. “ಇಲ್ಲ,” ಎಂದು ಒಪ್ಪಿದರು. “ಹೂರಿಯಾ ಸರಿಯಾಗೇ ಕಲಿಸಿದಾಳೆ. ತೆಗೀಬೇಡ.” ಆಮೇಲೆ, “ಒಂದ್ಸಲ ಓದ್ತೀಯಾ ಅದನ್ನ? ಆ ವಾಕ್ಯ ಅಷ್ಟೇ” ಎಂದರು.

ನಾನು ಹಾಳೆಯನ್ನು ಎತ್ತಿಕೊಂಡೆ. ಆ ಪದ ಅಲ್ಲೇ ಇತ್ತು, ಈಗಲೂ ಆ ಪ್ರಬಂಧದಲ್ಲಿ ಅಲ್ಲೇ ಇದೆ. ಅದನ್ನು ದಾಟಿ ಓದಿದೆ. “ಆ ತಾಯಿ ತನ್ನ ಗಂಟನ್ನು ಕಡಲಾಚೆ ಹೋದವನಿಗಾಗಿ ಅಲ್ಲ, ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದ ಮಗನಿಗಾಗಿ ಕಟ್ಟಿದಳು.”

ಒಂದು ಪದ ಬಿಟ್ಟುಹೋದದ್ದು ಅವರಿಗೆ ತಿಳಿಯದೇ ಇರುತ್ತದೆಯೇ? ನೂರಾರು ಪ್ರಬಂಧ ತಿದ್ದಿದ ಮನುಷ್ಯ. ಅವರು ಕಣ್ಣು ಮುಚ್ಚಿಕೊಂಡರು.

“ಇನ್ನೊಂದ್ಸಲ,” ಎಂದರು.

ನಾನು ಓದಿದೆ.